ಕ್ಯಾರವಾನ್ ಮೂವರ್ ಒಂದು ಮೊಳ ಹೋಗಿ ನಿಲ್ಲುತ್ತಿದೆ, ಬೋರ್ಡ್ ಹೋಗಿದೆಯಾ?

ಪ್ರಶ್ನೆ: ನಮಸ್ಕಾರ ಸರ್. ನಾವು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಕ್ಯಾರವಾನ್ ತಗೊಂಡೆವು. 2017ರ ಮಾಡೆಲ್, ಒಂದೇ ಆಕ್ಸಲ್, ಸಾಮಾನು ತುಂಬಿದರೆ 1,400 ಕೆಜಿ. ಹಿಂದಿನ ಮಾಲೀಕರು ಹಾಕಿಸಿದ್ದ ಎಲೆಕ್ಟ್ರಿಕ್ ಮೂವರ್ ಇದೆ. ಮನೆ ಮುಂದಿನ ಡ್ರೈವ್‌ವೇನಲ್ಲಿ ಮೂತಿ ರಸ್ತೆಗೆ ಮಾಡಿ ನಿಲ್ಲಿಸುತ್ತೇವೆ, ರಸ್ತೆ ಕಡೆಗೆ ಸ್ವಲ್ಪ ಇಳಿಜಾರಿದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ಅಲುಗಾಡಿಸಿಲ್ಲ. ಹ್ಯಾಂಡ್‌ಬ್ರೇಕ್ ಹಾಕಿ, ಮನೆಯ ಕರೆಂಟ್‌ಗೆ ಚುಚ್ಚಿಟ್ಟಿದ್ದೆವು. ಕಳೆದ ವಾರ ಹೊರಗೆ ತೆಗೆಯಲು ಹೋದೆ. ರೋಲರ್‌ಗಳು ಟೈರ್‌ಗೆ ಸರಿಯಾಗಿ ಕೂತವು, ರಿಮೋಟ್‌ನಲ್ಲಿ ಹಸಿರು ದೀಪ ಬಂತು. ಒಂದು ಮೊಳ ಹೋಗಿ, ಬೀಪ್ ಬೀಪ್ ಅಂದು ಆಫ್ ಆಯಿತು. ಐದು ನಿಮಿಷ ಬಿಟ್ಟರೆ ಮತ್ತೆ ಒಂದು ಮೊಳ. ಮುಂದಕ್ಕೆ ಹೋಗುವಾಗ ಬಲಗಡೆ ಮೋಟರ್ ನರಳುತ್ತದೆ. ಹಿಂದಕ್ಕೆ ಬರುವಾಗ ನರಳುವುದಿಲ್ಲ, ಆದರೂ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಬ್ಯಾಟರಿ 110 ಆಂಪಿಯರ್-ಅವರ್‌ನದು, ಮೀಟರ್ 12.7 ವೋಲ್ಟ್ ತೋರಿಸುತ್ತದೆ. ಒಂದು ವರ್ಕ್‌ಶಾಪ್‌ಗೆ ಫೋನ್ ಮಾಡಿದರೆ 'ಕಂಟ್ರೋಲ್ ಬೋರ್ಡ್ ಹೋಗಿದೆ, 450 ಪೌಂಡ್ ಆಗುತ್ತೆ' ಅಂದರು. ಒಬ್ಬ ಗೆಳೆಯ ಕಾರಿನಿಂದ ಜಂಪ್ ಕೊಡು ಅನ್ನುತ್ತಾನೆ, ಇನ್ನೊಬ್ಬ ರೋಲರ್‌ಗೆ ಡಬ್ಲ್ಯೂಡಿ-40 ಹೊಡಿ ಅನ್ನುತ್ತಾನೆ. ಮೇ ಕೊನೆಯ ಬ್ಯಾಂಕ್ ಹಾಲಿಡೇಗೆ (ಇಲ್ಲಿನ ಸಾರ್ವಜನಿಕ ರಜೆ) ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಜಾಗ ಬುಕ್ ಆಗಿದೆ. ಏನು ಮಾಡಲಿ?

ಉತ್ತರ: ಮೊದಲು ಆ 450 ಪೌಂಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ಬೋರ್ಡ್ ಹೋಗಿರಲೂಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನೀವು ಬರೆದಿರುವುದರಲ್ಲಿ ಬೋರ್ಡ್ ಕೆಟ್ಟಿದೆ ಅನ್ನುವುದಕ್ಕೆ ಒಂದು ಗುರುತೂ ಇಲ್ಲ. ಬದಲಿಗೆ ಬೇರೆ ಎರಡು ತೊಂದರೆಗಳ ಗುರುತು ಎದ್ದು ಕಾಣುತ್ತಿದೆ. ಎರಡೂ ಒಟ್ಟಿಗೆ ಬಂದಿರುವುದರಿಂದ ಗೊಂದಲವಾಗಿದೆ, ಅಷ್ಟೇ.

ಊರಲ್ಲಿರುವ ಓದುಗರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿ ಮೇಲಿನ ಮನೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ. ಕಾರು ಬಿಚ್ಚಿದ ಮೇಲೆ ಇಕ್ಕಟ್ಟಿನ ಜಾಗದಲ್ಲಿ ಅದನ್ನು ಸರಿಸುವುದಕ್ಕೆ ಗಾಲಿಯ ಪಕ್ಕ ಚಾಸಿಗೆ ಎರಡು 12 ವೋಲ್ಟ್ ಮೋಟರ್ ಕೂರಿಸಿರುತ್ತಾರೆ. ಒಂದೊಂದಕ್ಕೂ ಒಂದೊಂದು ಅಲ್ಯೂಮಿನಿಯಂ ರೋಲರ್. ರೋಲರ್ ಟೈರ್‌ಗೆ ಒತ್ತಿಕೊಂಡು ತಿರುಗಿದರೆ ಗಾಲಿ ತಿರುಗುತ್ತದೆ. ರಿಮೋಟ್ ಹಿಡಿದು ಪಕ್ಕದಲ್ಲಿ ನಡೆದುಕೊಂಡೇ ಇಡೀ ಮನೆಯನ್ನು ಓಡಾಡಿಸಬಹುದು. ಇದಕ್ಕೆ ಮೂವರ್ ಅಂತ ಹೆಸರು. ರಿಮೋಟ್ ಹೇಳಿದಂತೆ ಮೋಟರ್‌ಗಳಿಗೆ ಕರೆಂಟ್ ಬಿಡುವ ಸರ್ಕ್ಯೂಟೇ ಕಂಟ್ರೋಲ್ ಬೋರ್ಡ್. ಅದು ಕೆಟ್ಟ ದಿನ ಮೂವರಲ್ಲ, ಆರು ಜನ ತಳ್ಳಿದರೂ 1,400 ಕೆಜಿ ಮೇಲಕ್ಕೆ ಹತ್ತುವುದಿಲ್ಲ. ಇಳಿಜಾರಿನಲ್ಲಿ ಹಾಗೆ ತಳ್ಳಲು ಹೋಗಲೂಬೇಡಿ.

ಬ್ರಿಟನ್‌ನಲ್ಲಿ 2021ರ ಡಿಸೆಂಬರ್ 16ರಿಂದ ಎಳೆಯುವ ಲೈಸೆನ್ಸಿನ ನಿಯಮ ಸಡಿಲವಾಯಿತು. 1997ರ ನಂತರ ಕಾರು ಲೈಸೆನ್ಸ್ ಪಡೆದವರೂ ಬೇರೆ ಪರೀಕ್ಷೆ ಇಲ್ಲದೆ 3,500 ಕೆಜಿವರೆಗಿನ ಟ್ರೇಲರ್ ಎಳೆಯಬಹುದು. ಅಲ್ಲಿಂದೀಚೆಗೆ ನನಗೆ ಕನ್ನಡದಲ್ಲಿ ಬರುವ ಕ್ಯಾರವಾನ್ ಫೋನ್‌ಗಳು ಜಾಸ್ತಿಯಾಗಿವೆ. ಮಾರ್ಚ್-ಏಪ್ರಿಲ್‌ನಲ್ಲಿ ಬರುವ ಫೋನ್‌ಗಳಲ್ಲಿ ಬಹುಪಾಲು ನಿಮ್ಮ ಕತೆಯೇ: ಚಳಿಗಾಲ ಪೂರ್ತಿ ನಿಂತಿತ್ತು, ಈಗ ಹೊರಡುವುದಿಲ್ಲ ಅನ್ನುತ್ತಿದೆ.

12.7 ವೋಲ್ಟ್ ಯಾಕೆ ಸಾಲದು

ನಾನು ಕೆಲಸ ಕಲಿತದ್ದು ಹಾಸನದ ಒಂದು ಆಟೋ ಎಲೆಕ್ಟ್ರಿಕಲ್ ಗ್ಯಾರೇಜಿನಲ್ಲಿ. ಆಗ ನಮ್ಮ ಹತ್ತಿರ ಇದ್ದದ್ದು ಒಂದೇ ಮೀಟರ್, ಅದನ್ನೂ ಯಜಮಾನರು ಬೀಗ ಹಾಕಿ ಇಡುತ್ತಿದ್ದರು. ಸೆಲ್ಫ್ ಹೊಡೆಯುತ್ತಿಲ್ಲ ಅಂತ ಲಾರಿ ಬಂದರೆ ಅವರು ಹೇಳುತ್ತಿದ್ದದ್ದು ಇಷ್ಟೇ: 'ಹೆಡ್‌ಲೈಟ್ ಹಾಕು, ಸೆಲ್ಫ್ ಒತ್ತು, ಲೈಟ್ ನೋಡು.' ಸೆಲ್ಫ್ ಒತ್ತಿದಾಗ ಲೈಟ್ ಪೂರ್ತಿ ಕೆಂಪಾಗಿ ಕುಗ್ಗಿದರೆ ಬ್ಯಾಟರಿ ಅಥವಾ ಕನೆಕ್ಷನ್. ಲೈಟ್ ಅಲುಗಾಡದೆ ಬೆಳಗುತ್ತಿದ್ದರೆ ಕರೆಂಟ್ ಸೆಲ್ಫ್‌ವರೆಗೆ ಹೋಗುತ್ತಲೇ ಇಲ್ಲ. ಮೂವತ್ತು ವರ್ಷ ಆಯಿತು, ಇವತ್ತಿಗೂ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಬ್ಯಾಟರಿಯನ್ನು ಸುಮ್ನೆ ಕೂತಿದ್ದಾಗ ಅಳೆದರೆ ಪ್ರಯೋಜನವಿಲ್ಲ. ಅದು ದುಡಿಯುವಾಗ ಅಳೆಯಬೇಕು. (ಈಗಿನ ಕ್ಯಾರವಾನ್‌ಗಳಲ್ಲಿ ಎಲ್‌ಇಡಿ ದೀಪ. ವೋಲ್ಟೇಜ್ ಬಿದ್ದರೂ ಅನೇಕ ಸಲ ಅವು ಹಾಗೇ ಬೆಳಗುತ್ತವೆ. ಹಾಗಾಗಿ ಯಜಮಾನರ ಉಪಾಯ ಇಲ್ಲಿ ನಡೆಯಲ್ಲ, ಮೀಟರೇ ಬೇಕು.)

12.7 ಅನ್ನುವುದು ತುಂಬಿದ ಬ್ಯಾಟರಿಯ ಅಂಕಿ, ನಿಜ. ಆದರೆ ಅದು ಬ್ಯಾಟರಿಯಲ್ಲಿ ಎಷ್ಟು ದಮ್ಮಿದೆ ಅಂತ ಹೇಳುವುದಿಲ್ಲ. ವಯಸ್ಸಾದ ಲೆಡ್-ಆಸಿಡ್ ಬ್ಯಾಟರಿಯ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಕೆಲಸ ಮಾಡುವ ಪ್ಲೇಟ್ ಕಾಲು ಭಾಗ ಉಳಿದಿದ್ದರೂ ಮೀಟರ್ 12.7 ತೋರಿಸಬಲ್ಲದು. ನೀರು ಪಂಪ್, ದೀಪ, ಟಿವಿ ಎಲ್ಲ ಆರಾಮಾಗಿ ನಡೆಯುತ್ತವೆ, ಯಾಕೆಂದರೆ ಅವೆಲ್ಲ ಸೇರಿ ಎಳೆಯುವುದು ಹತ್ತು ಆಂಪಿಯರ್ ಒಳಗೆ. ಮೂವರ್ ಹಾಗಲ್ಲ. ಸಮತಟ್ಟು ನೆಲದಲ್ಲೇ ಇಪ್ಪತ್ತು-ಮೂವತ್ತು ಆಂಪಿಯರ್ ಬೇಕು. ಏರು, ಜಲ್ಲಿ, ಹುಲ್ಲು ಅಂದರೆ ಐವತ್ತು-ಅರವತ್ತು. ಗಾಲಿ ಎಲ್ಲಾದರೂ ಸಿಕ್ಕಿಕೊಂಡರೆ ನೂರು ದಾಟುತ್ತದೆ. ಆ ಕ್ಷಣಕ್ಕೆ ಹಳೇ ಬ್ಯಾಟರಿ ಕುಸಿದು 9 ವೋಲ್ಟ್‌ಗೆ ಬರುತ್ತದೆ. ಬಹಳಷ್ಟು ಮೂವರ್‌ಗಳ ಬೋರ್ಡ್ ಸುಮಾರು 10 ವೋಲ್ಟ್‌ಗಿಂತ ಕೆಳಗೆ ಹೋದರೆ ತಾನೇ ಆಫ್ ಆಗುತ್ತದೆ. ಹಾಗೆ ಮಾಡಿರುವುದು ತನ್ನನ್ನೂ ಮೋಟರನ್ನೂ ಉಳಿಸಿಕೊಳ್ಳಲಿಕ್ಕೆ. ಲೋಡ್ ಹೋದ ಮೇಲೆ ಬ್ಯಾಟರಿ ಮೆಲ್ಲಗೆ ಚೇತರಿಸಿಕೊಂಡು ಮತ್ತೆ 12.5 ತೋರಿಸುತ್ತದೆ. ನಿಮ್ಮ 'ಐದು ನಿಮಿಷ ಬಿಟ್ಟರೆ ಮತ್ತೆ ಒಂದು ಮೊಳ' ಇದಕ್ಕೆ ತಾಳೆಯಾಗುತ್ತದೆ.

ಇಲ್ಲಿ ಬೋರ್ಡ್ ತನ್ನ ಕೆಲಸ ಸರಿಯಾಗಿ ಮಾಡಿದೆ ನೋಡಿ. ಕಾವಲುಗಾರ ಕೂಗಿದ ಅಂತ ಕಾವಲುಗಾರನನ್ನೇ ಬದಲಿಸಿದರೆ ಹೇಗೆ?

ಇನ್ನೊಂದು ಮಾತು. ನೀವು ಅಳೆದದ್ದು ಯಾವಾಗ? ಮನೆಯ ಕರೆಂಟ್ ತೆಗೆದ ತಕ್ಷಣ ಅಳೆದಿದ್ದರೆ ಆ 12.7 ಚಾರ್ಜರ್‌ನ ಎಂಜಲು. ಮೂರು-ನಾಲ್ಕು ಗಂಟೆ ಬಿಟ್ಟು ಅಳೆಯಿರಿ. ಆಗ 12.2 ಬಂದರೆ ಅದು ಅರ್ಧ ಖಾಲಿ ಬ್ಯಾಟರಿ.

'ಐದು ತಿಂಗಳೂ ಚಾರ್ಜ್‌ನಲ್ಲೇ ಇತ್ತಲ್ಲ' ಅಂತ ನಿಮಗೆ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸುವುದೇ. ಕ್ಯಾರವಾನ್‌ನೊಳಗಿನ ಚಾರ್ಜರ್ ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ಆಂಪಿಯರ್ ಕೊಡುತ್ತದೆ. ಪ್ಲಗ್ ಚುಚ್ಚಿಕೊಂಡೇ ಮೂವರ್ ಓಡಿಸಿದರೂ ಅರವತ್ತು ಆಂಪಿಯರ್ ಅದರಿಂದ ಬರುವುದಿಲ್ಲ. ಮೇಲಿನ ಟ್ಯಾಂಕ್ ಖಾಲಿ ಇಟ್ಟುಕೊಂಡು ಅರ್ಧ ಇಂಚಿನ ನಲ್ಲಿ ನಂಬಿ ಮದುವೆ ಮನೆ ನಡೆಸಿದ ಹಾಗೆ. ಮತ್ತೆ, ತಿಂಗಳುಗಟ್ಟಲೆ ಒಂದೇ ವೋಲ್ಟೇಜ್‌ನಲ್ಲಿ ಕುದಿಸಿದರೆ ಮುಚ್ಚಳ ತೆಗೆಯುವ ಜಾತಿಯ ಬ್ಯಾಟರಿಯಲ್ಲಿ ನೀರು ಇಳಿಯುತ್ತದೆ. ಮುಚ್ಚಳ ಇದ್ದರೆ ತೆಗೆದು ನೋಡಿ. ಪ್ಲೇಟ್ ಗಾಳಿಗೆ ಕಾಣುತ್ತಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕಿದರೂ ಹೋದ ದಮ್ಮು ಪೂರ್ತಿ ವಾಪಸ್ ಬರಲ್ಲ.

ಬಲಗಡೆ ಯಾಕೆ ನರಳುತ್ತಿದೆ

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಇದು. ಬ್ಯಾಟರಿ ಸೋತಿದ್ದರೆ ಎರಡೂ ಕಡೆ ಸೋಲಬೇಕು. ನಿಮ್ಮಲ್ಲಿ ಬಲಗಡೆ ಮಾತ್ರ ನರಳುತ್ತಿದೆ. ಅದೂ ಮುಂದಕ್ಕೆ ಹೋಗುವಾಗ ಮಾತ್ರ. ನಿಮ್ಮ ಕ್ಯಾರವಾನ್‌ನ ಮೂತಿ ರಸ್ತೆಗಿದೆ, ರಸ್ತೆ ಕಡೆಗೇ ಇಳಿಜಾರಿದೆ. ಅಂದರೆ ಮುಂದಕ್ಕೆ ಹೋಗುವುದು ಇಳಿಯುವ ಕೆಲಸ, ಹಿಂದಕ್ಕೆ ಬರುವುದು ಹತ್ತುವ ಕೆಲಸ. ಇಳಿಯುವಾಗ ನರಳಿ, ಹತ್ತುವಾಗ ಸುಮ್ಮನಿದೆ ಅಂದರೆ ಅದನ್ನು ಏನೋ ಹಿಡಿದುಕೊಂಡಿದೆ. ಏನು ಹಿಡಿದುಕೊಂಡಿರಬಹುದು? ಬ್ರೇಕ್.

ಹ್ಯಾಂಡ್‌ಬ್ರೇಕ್ ಎಳೆದು ಐದು ತಿಂಗಳು ಇಂಗ್ಲೆಂಡಿನ ಮಳೆಯಲ್ಲಿ ನಿಲ್ಲಿಸಿದರೆ ಗಾಲಿಯ ಬ್ರೇಕ್ ಡ್ರಮ್‌ನೊಳಗೆ ತೇವ ಸೇರಿ ತುಕ್ಕು ಬರುತ್ತದೆ. ಡ್ರಮ್‌ಗೆ ಒಳಗಿನಿಂದ ಒತ್ತಿ ಗಾಲಿ ನಿಲ್ಲಿಸುವ ಬ್ರೇಕ್ ಶೂ ಅದಕ್ಕೇ ಅಂಟಿಕೊಳ್ಳುತ್ತದೆ, ಇಲ್ಲವೇ ಕೇಬಲ್ ತನ್ನ ಕವಚದೊಳಗೆ ತುಕ್ಕು ಹಿಡಿದು ಲಿವರ್ ಇಳಿಸಿದರೂ ಪೂರ್ತಿ ಸಡಿಲವಾಗುವುದಿಲ್ಲ. ಶೂ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಎರಡೂ ದಿಕ್ಕಿಗೆ ಅಲುಗಾಡಬಾರದು. ನಿಮ್ಮದು ಹಿಂದಕ್ಕೆ ಬರುತ್ತಿದೆ. ಯಾಕೆ ಅಂದರೆ, ಈ ಬ್ರೇಕ್‌ಗಳಲ್ಲಿ ಒಂದು ಏರ್ಪಾಡಿದೆ. ಕಾರು ರಿವರ್ಸ್ ತೆಗೆದುಕೊಂಡಾಗ ಕ್ಯಾರವಾನ್ ತಾನೇ ಬ್ರೇಕ್ ಹಾಕಿಕೊಳ್ಳಬಾರದು ಅಂತ, ಗಾಲಿ ಹಿಂದಕ್ಕೆ ತಿರುಗಿದರೆ ಒಂದು ಶೂ ತಾನಾಗಿ ಮಡಚಿಕೊಂಡು ಸಡಿಲವಾಗುತ್ತದೆ. ಹಾಗಾಗಿ ನನ್ನ ಅನುಮಾನ ಹೋಗುವುದು ಬಲಗಡೆಯ ಕೇಬಲ್ ಮೇಲೆ, ಅಥವಾ ಶೂ ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಮೇಲೆ. ಮೋಟರ್ ಮೇಲಲ್ಲ.

ಈಗ ಎರಡನ್ನೂ ಜೋಡಿಸಿ ನೋಡಿ. ಬಲಗಡೆ ಬ್ರೇಕ್ ಹಿಡಿದಿದೆ, ಆ ಮೋಟರ್ ಜಾಸ್ತಿ ಆಂಪಿಯರ್ ಕೇಳುತ್ತದೆ. ಅಷ್ಟು ಕೊಡುವ ಶಕ್ತಿ ಬ್ಯಾಟರಿಗೆ ಇಲ್ಲ. ವೋಲ್ಟೇಜ್ ಬೀಳುತ್ತದೆ. ಬೋರ್ಡ್ ಬೀಪ್ ಅನ್ನುತ್ತದೆ. ಬೈಗುಳ ಬೋರ್ಡ್‌ಗೆ.

ಶನಿವಾರ ಬೆಳಿಗ್ಗೆ ಮಾಡಬೇಕಾದದ್ದು

ಒಬ್ಬರೇ ಮಾಡಬೇಡಿ. ಎರಡೂ ಗಾಲಿಗೆ ರಸ್ತೆ ಕಡೆ ಚಾಕ್ (ಗಾಲಿ ಉರುಳದಂತೆ ಇಡುವ ತಡೆ) ಕೊಟ್ಟು, ಕ್ಯಾರವಾನ್‌ನ ಮೂಲೆಗಳ ಆಸರೆ ಕಾಲು ಮಡಚಿವೆಯಾ ನೋಡಿ. ಒಂದು ಮೂಲೆಯ ಕಾಲು ಇಳಿದೇ ಉಳಿದು, ಮೂವರ್ ಅದನ್ನು ಉಳುತ್ತಾ ಎಳೆದದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ. ಬ್ಯಾಟರಿ ಮುಟ್ಟುವ ಮುನ್ನ ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಇದು ಬರೀ 12 ವೋಲ್ಟ್, ಶಾಕ್ ಹೊಡೆಯಲ್ಲ, ನಿಜ. ಆದರೆ ಪ್ಲಸ್‌ಗೆ ಇಟ್ಟ ಸ್ಪ್ಯಾನರ್‌ಗೆ ಚಿನ್ನದ ಉಂಗುರ ತಾಗಿ, ಉಂಗುರದ ಇನ್ನೊಂದು ಬದಿ ಮೈನಸ್ ಮುಟ್ಟಿದರೆ ಅದು ಕೆಂಪಗೆ ಕಾಯುತ್ತದೆ, ಬೆರಳಲ್ಲೇ.

ಮೊದಲು ರಿಮೋಟ್‌ನ ಬ್ಯಾಟರಿ ಬದಲಿಸಿ. ಎರಡು ನಿಮಿಷದ ಕೆಲಸ. ಹಸಿರು ದೀಪ ಅಂದರೆ ರಿಮೋಟ್ ಆನ್ ಆಗಿದೆ ಅಂತ ಮಾತ್ರ. ಸೆಲ್ ಸೋತಿದ್ದರೂ ದೀಪ ಹತ್ತುತ್ತದೆ, ಸಿಗ್ನಲ್ ನಡುವೆ ಕಡಿಯುತ್ತದೆ. ನಿಮ್ಮ ಕೇಸ್ ಅದಲ್ಲ ಅನ್ನಿಸುತ್ತದೆ. ಆದರೂ ಅನುಮಾನ ಒಂದು ಕಡಿಮೆಯಾಗಲಿ.

ಆಮೇಲೆ ಮನೆಯಲ್ಲಿ ಯಾರಾದರೂ ದೂರದಲ್ಲಿ ಕುಕ್ಕರಗಾಲಲ್ಲಿ ಕೂತು ಬಲಗಡೆ ರೋಲರನ್ನೇ ನೋಡಲಿ. ಇಳಿಜಾರಿನ ಕೆಳಗೆ ಮಾತ್ರ ಯಾರೂ ನಿಲ್ಲಬಾರದು. ರೋಲರ್‌ಗಳು ಟೈರ್‌ಗೆ ಒತ್ತಿ ಕೂತ ಮೇಲೆ ಹ್ಯಾಂಡ್‌ಬ್ರೇಕ್ ಇಳಿಸಿ, ಚಾಕನ್ನು ಒಂದಡಿ ಕೆಳಗೆ ಸರಿಸಿ, ನೀವು ಬಟನ್ ಒತ್ತಿ. ರೋಲರ್ ತಿರುಗುತ್ತಿದೆ, ಟೈರ್ ತಿರುಗುತ್ತಿಲ್ಲ ಅಂದರೆ ಹಿಡಿತದ ಸಮಸ್ಯೆ. ಟೈರ್‌ನಲ್ಲಿ ಗಾಳಿ ಇಳಿದಿದೆ, ರೋಲರ್‌ಗೆ ಕೆಸರು ಮೆತ್ತಿದೆ, ಅಥವಾ ರೋಲರ್ ದೂರ ಕೂತಿದೆ. ಬಿಟ್ಟಾಗ ರೋಲರ್‌ಗೂ ಟೈರ್‌ಗೂ ನಡುವೆ ಸುಮಾರು 20 ಮಿಲಿಮೀಟರ್ ಇರಬೇಕು, ನಿಮ್ಮ ಮೂವರ್‌ನ ಕೈಪಿಡಿಯಲ್ಲಿ ಸರಿಯಾದ ಅಳತೆ ಇರುತ್ತದೆ. ರೋಲರೇ ತಿರುಗದೆ ನರಳುತ್ತಿದ್ದರೆ ಬ್ರೇಕ್ ಅಥವಾ ಕರೆಂಟ್. ಈ ಒಂದು ನೋಟಕ್ಕೆ ಅರ್ಧ ರೋಗ ತಿಳಿದುಬಿಡುತ್ತದೆ. ಫೋನ್‌ನಲ್ಲೇ ಬೋರ್ಡ್ ಹೋಗಿದೆ ಅಂದವರು ಇದನ್ನು ಕೇಳಿದರಾ?

ಮೂರನೆಯದು ವೋಲ್ಟೇಜ್. ನಿಮ್ಮ ಮೀಟರ್‌ನಲ್ಲಿ 'ಮಿನಿಮಮ್' ಹಿಡಿದಿಡುವ ಬಟನ್ ಇದೆಯಾ ನೋಡಿ. ಇಲ್ಲದಿದ್ದರೆ ಅಂಥದ್ದೊಂದನ್ನು ಯಾರಿಂದಲಾದರೂ ತನ್ನಿ. ಕ್ಲಿಪ್ ಇರುವ ವೈರ್‌ಗಳಿಂದ ಬ್ಯಾಟರಿಗೆ ಹಚ್ಚಿ. ಟರ್ಮಿನಲ್ ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೇ ಹಚ್ಚಿ. ಮೀಟರ್ ಬ್ಯಾಟರಿ ಪೆಟ್ಟಿಗೆಯಲ್ಲೇ ಬಿಟ್ಟು, ಕೈ ಹೊರಗೆ ತೆಗೆದು, ಮೂವರ್ ಓಡಿಸಿ. ಬೀಪ್ ಬಂದ ಮೇಲೆ ಹೋಗಿ ಅತಿ ಕೆಳಗಿನ ಅಂಕಿ ಓದಿ. ಕಂಬದ ಮೇಲೇ 10ಕ್ಕಿಂತ ಕೆಳಗೆ ಬಿದ್ದಿದ್ದರೆ ಬ್ಯಾಟರಿಯದೇ ತಪ್ಪು. 11.5ರ ಮೇಲೇ ನಿಂತಿದ್ದರೆ ಬ್ಯಾಟರಿಗೆ ಕ್ಷಮೆ ಕೇಳಿ, ಮುಂದಕ್ಕೆ ಹೋಗಿ.

ಮುಂದಕ್ಕೆ ಅಂದರೆ ಬೋರ್ಡ್‌ನ ಹತ್ತಿರ. ಅದು ಸಾಮಾನ್ಯವಾಗಿ ಸೀಟಿನ ಪೆಟ್ಟಿಗೆಯಲ್ಲೋ ಮಂಚದ ಕೆಳಗೋ ಇರುತ್ತದೆ. ಬ್ಯಾಟರಿಯಿಂದ ಬಂದ ದಪ್ಪ ಕೆಂಪು, ಕಪ್ಪು ಕೇಬಲ್ ಅಲ್ಲಿ ಕೂತಿರುತ್ತವೆ. ಮೀಟರ್ ಅಲ್ಲಿ ಹಚ್ಚಿ ಅದೇ ಪರೀಕ್ಷೆ ಮಾಡಿ. ಬ್ಯಾಟರಿಯಲ್ಲಿ 11.6 ಇದ್ದು ಬೋರ್ಡ್‌ನಲ್ಲಿ 9.8 ಆದರೆ 1.8 ವೋಲ್ಟ್ ದಾರಿಯಲ್ಲಿ ಕಳೆದುಹೋಗಿದೆ. ಎಲ್ಲಿ? ಕೈಯಿಂದ ಹುಡುಕಬಹುದು. ಅರವತ್ತು ಆಂಪಿಯರ್ ಹೋಗುವಾಗ ಒಂದು ಜಾಯಿಂಟ್‌ನಲ್ಲಿ ಬರೀ 0.02 ಓಮ್ ತಡೆ ಇದ್ದರೂ ಅಲ್ಲಿ 1.2 ವೋಲ್ಟ್ ಬೀಳುತ್ತದೆ, 72 ವ್ಯಾಟ್ ಶಾಖ ಬರುತ್ತದೆ. ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್‌ನಷ್ಟು. ಮೂವರ್ ಓಡಿಸಿ ನಿಲ್ಲಿಸಿದ ತಕ್ಷಣ ಐಸೊಲೇಟರ್ ಸ್ವಿಚ್ (ಮೂವರ್‌ಗೆ ಹೋಗುವ ಕರೆಂಟ್ ಪೂರ್ತಿ ಕಡಿಯುವಂಥದ್ದು), ಫ್ಯೂಸ್ ಪೆಟ್ಟಿಗೆ, ಕೇಬಲ್ ತುದಿ ಒಂದೊಂದನ್ನೂ ಹಿಂಗೈಯಿಂದ ಮೆಲ್ಲಗೆ ಮುಟ್ಟುತ್ತಾ ಬನ್ನಿ. ಬಿಸಿ ಇರುವುದೇ ಕಳ್ಳ.

ಹೋದ ವರ್ಷ ಲೆಸ್ಟರ್ ಕಡೆ ಒಬ್ಬ ವಯಸ್ಸಾದ ದಂಪತಿಯ ಮೂವರ್ ನೋಡಿದೆ. ಬೇರೆ ಯಾರೋ ಮೊದಲು ಬ್ಯಾಟರಿ ಬದಲಿಸಿದ್ದರು, ಆಮೇಲೆ ಎಡಗಡೆ ಮೋಟರ್ ಬದಲಿಸಿದ್ದರು. ತೊಂದರೆ ಹಾಗೇ ಇತ್ತು. ಮೈನಸ್ ಕೇಬಲ್‌ನ ತುದಿಯಲ್ಲಿ ಕಪ್ಪು ತೋಳು ಹಾಕಿ ಚೆಂದಾಗಿ ಮುಚ್ಚಿದ್ದರು, ನೋಡಿದರೆ ಹೊಸದರಂತಿತ್ತು. ಮುಟ್ಟಿದರೆ ಸುಡುತ್ತಿತ್ತು. ತೋಳು ಕೊಯ್ದರೆ ಒಳಗೆ ಹಸಿರು ಕಿಲುಬು. ತಾಮ್ರದ ಎಳೆಗಳು ಬೆರಳಿಗೆ ಪುಡಿಪುಡಿಯಾದವು. ಎರಡು ಇಂಚು ಕತ್ತರಿಸಿ ತುದಿಗೆ ಹೊಸ ಲಗ್ (ಕೇಬಲ್ ಕೂರಿಸುವ ಲೋಹದ ತುದಿ) ಒತ್ತಿದೆ, ಅಷ್ಟೇ. ಆ ಅಜ್ಜ ಹಳೇ ಮೋಟರನ್ನು ಗ್ಯಾರೇಜಿನಲ್ಲಿ ಇಟ್ಟುಕೊಂಡಿದ್ದರು. ಬ್ಯಾಟರಿಗೆ ನೇರ ಹಚ್ಚಿದರೆ ಗರ್ ಅಂತ ತಿರುಗಿತು.

ನಾಲ್ಕನೆಯದಕ್ಕೆ ಡಿಸಿ ಕ್ಲ್ಯಾಂಪ್ ಮೀಟರ್ ಬೇಕು, ಅಂದರೆ ವೈರ್ ಸುತ್ತ ಕಚ್ಚಿಸಿ ಆಂಪಿಯರ್ ಅಳೆಯುವ ಮೀಟರ್. ಹ್ಯಾಂಡ್‌ಬ್ರೇಕ್ ಹಾಕಿ, ಚಾಕ್ ಕೊಟ್ಟು, ಆಮೇಲೆ ರೋಲರ್‌ಗಳನ್ನು ಟೈರ್‌ನಿಂದ ಬಿಡಿಸಿ. ಈ ಕ್ರಮ ಯಾವತ್ತೂ ತಪ್ಪಿಸಬೇಡಿ. ರೋಲರ್ ಬಿಟ್ಟ ಗಳಿಗೆಯಲ್ಲಿ ಕ್ಯಾರವಾನನ್ನು ಹಿಡಿದಿರುವುದು ಹ್ಯಾಂಡ್‌ಬ್ರೇಕ್, ಚಾಕ್ ಮಾತ್ರ. ಬಹಳಷ್ಟು ಮೂವರ್‌ಗಳಲ್ಲಿ ರೋಲರ್ ಬಿಟ್ಟಿದ್ದಾಗಲೂ ಮೋಟರ್ ತಿರುಗಿಸಬಹುದು. ಎಡ, ಬಲ ಎರಡೂ ಮೋಟರ್‌ಗಳ ಕೇಬಲ್‌ಗೆ ಕ್ಲ್ಯಾಂಪ್ ಹಾಕಿ ಹೋಲಿಸಿ. ಖಾಲಿ ತಿರುಗುವಾಗ ಎರಡೂ ಹೆಚ್ಚುಕಡಿಮೆ ಒಂದೇ ಆಂಪಿಯರ್ ತಗೊಂಡರೆ ಬಲಗಡೆ ಮೋಟರ್ ಆರೋಗ್ಯವಾಗಿದೆ. ಬ್ರೇಕ್ ಮೇಲಿನ ಅನುಮಾನ ಗಟ್ಟಿಯಾಯಿತು. ಬಲಗಡೆ ತುಂಬಾ ಜಾಸ್ತಿ ಎಳೆದರೆ ಅದರ ಗೇರ್ ಅಥವಾ ಬೇರಿಂಗ್ ಹಿಡಿದಿದೆ. ಏನೂ ಎಳೆಯದೆ ಒಮ್ಮೊಮ್ಮೆ ಮಾತ್ರ ತಿರುಗಿದರೆ ಮೋಟರ್‌ನೊಳಗೆ ಕರೆಂಟ್ ದಾಟಿಸುವ ಕಾರ್ಬನ್ ಸವೆದಿದೆ ಅಥವಾ ಸಿಕ್ಕಿಕೊಂಡಿದೆ. ಸುತ್ತಿಗೆಯ ಮರದ ಹಿಡಿಯಿಂದ ಮೋಟರ್ ಬೆನ್ನಿಗೆ ಎರಡು ತಟ್ಟಿದಾಗ ಓಡಿದರೆ ಕಾರ್ಬನ್ನೇ. ಈ ತಟ್ಟುವ ವೈದ್ಯ ಊರಲ್ಲೂ ಒಂದೇ, ಇಲ್ಲೂ ಒಂದೇ, ಆದರೆ ಅದು ಮದ್ದಲ್ಲ, ಪರೀಕ್ಷೆ.

ಬೋರ್ಡ್ ಮೇಲೆ ಅನುಮಾನ ಬರಬೇಕಾದದ್ದು ಈಗ. ಬೋರ್ಡ್‌ಗೆ ಬರುವ ವೋಲ್ಟೇಜ್ ಲೋಡ್‌ನಲ್ಲೂ ಸರಿಯಿದೆ, ಒಂದು ಮೋಟರ್ ತಿರುಗುತ್ತಿಲ್ಲ ಅಂತಿಟ್ಟುಕೊಳ್ಳಿ. ಐಸೊಲೇಟರ್ ಆಫ್ ಮಾಡಿ, ಎಡ-ಬಲ ಮೋಟರ್ ವೈರ್‌ಗಳಿಗೆ ಟೇಪ್ ಅಂಟಿಸಿ ಗುರುತು ಮಾಡಿ, ಫೋಟೋ ತೆಗೆದು, ಬೋರ್ಡ್‌ನಲ್ಲಿ ಅದಲು ಬದಲು ಮಾಡಿ. ಇದನ್ನೂ ರೋಲರ್ ಬಿಟ್ಟೇ ಮಾಡಬೇಕು. ತೊಂದರೆ ಎಡಗಡೆಗೆ ಹೋದರೆ ಬೋರ್ಡ್ ಕೆಟ್ಟಿದೆ. ಬಲಗಡೆಯೇ ಉಳಿದರೆ ಮೋಟರ್ ಅಥವಾ ಅದರ ವೈರ್. ಇಷ್ಟಾದ ಮೇಲೆ 450 ಪೌಂಡ್ ಕೊಟ್ಟರೂ ಬೇಸರವಿಲ್ಲ. ಗ್ಯಾರಂಟಿ ಉಳಿದಿರುವ ಮೂವರ್ ಆದರೆ ಮಾತ್ರ ಈ ಬಿಚ್ಚಾಟಕ್ಕೆ ಹೋಗಬೇಡಿ, ಮೊದಲು ಹಾಕಿಸಿದ ಕಾಗದ ನೋಡಿ.

ಗೆಳೆಯರ ಸಲಹೆಗಳು

ಡಬ್ಲ್ಯೂಡಿ-40ರ ಬಗ್ಗೆ ಜಾಸ್ತಿ ಹೇಳಲ್ಲ. ರೋಲರ್ ಟೈರನ್ನು ಕಚ್ಚಿ ಹಿಡಿಯಬೇಕು, ನೀವು ಅದಕ್ಕೆ ಎಣ್ಣೆ ಹಚ್ಚುತ್ತೀರಿ. ಇಳಿಜಾರಿನಲ್ಲಿ ಜಾರಿತು ಅಂದರೆ ನಿಲ್ಲಿಸಲು ಏನೂ ಇಲ್ಲ. ಅದು ಬ್ರೇಕ್ ಕಡೆ ಹಾರಿದರೆ ಇನ್ನೂ ಕೆಟ್ಟದ್ದು. ರೋಲರ್‌ಗೆ ಬೇಕಾದದ್ದು ಗಡುಸು ಬ್ರಷ್ ಮತ್ತು ನೀರು.

ಕಾರಿನಿಂದ ಜಂಪ್ ಕೊಡುವುದು ಸ್ವಲ್ಪ ಬೇರೆ. ನಡೆಯುವುದೇ ಇಲ್ಲ ಅಂತಲ್ಲ. ಆದರೆ ಕ್ಯಾರವಾನ್ ಚಲಿಸುತ್ತದೆ, ಕಾರು ನಿಂತಿರುತ್ತದೆ, ನಡುವೆ ಕೇಬಲ್. ಕ್ಲಿಪ್ ಕಿತ್ತು ಬಂದು ಕಿಡಿ ಹಾರಿದರೆ, ತಿಂಗಳುಗಟ್ಟಲೆ ಚಾರ್ಜ್‌ನಲ್ಲಿದ್ದ ಬ್ಯಾಟರಿಯ ಪೆಟ್ಟಿಗೆಯಲ್ಲಿರುವ ಹೈಡ್ರೋಜನ್ ಹೊತ್ತಿಕೊಳ್ಳಬಹುದು. ಅವಸರದಲ್ಲಿ ಪ್ಲಸ್ ಮೈನಸ್ ಅದಲು ಬದಲಾದರೆ ಅಲ್ಲಿಯವರೆಗೆ ಚೆನ್ನಾಗಿದ್ದ ಬೋರ್ಡ್ ಆವತ್ತು ನಿಜವಾಗಿಯೂ ಹೋಗುತ್ತದೆ. ಅದರ ಬದಲು ಗೆಳೆಯನ ಕ್ಯಾರವಾನ್‌ನ ಒಳ್ಳೆಯ ಬ್ಯಾಟರಿಯನ್ನೇ ಅರ್ಧ ಗಂಟೆ ಸಾಲ ತನ್ನಿ. ನಿಮ್ಮದನ್ನು ಬಿಚ್ಚಿ ಅದನ್ನು ಕೂರಿಸಿ ನೋಡಿ. ಬಿಚ್ಚುವಾಗ ಮೈನಸ್ ಮೊದಲು, ಹಚ್ಚುವಾಗ ಮೈನಸ್ ಕೊನೆಗೆ. ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ, ಖರ್ಚು ಒಂದು ಕಾಫಿ.

ಹೊಸ ಬ್ಯಾಟರಿ ತಗೊಳ್ಳುವುದಾದರೆ

ಬರೀ ಆಂಪಿಯರ್-ಅವರ್ ದೊಡ್ಡದಿದೆ ಅಂತ ತಗೋಬೇಡಿ. ಲೆಷರ್ ಬ್ಯಾಟರಿ (ಕ್ಯಾರವಾನ್‌ನೊಳಗಿನ ದೀಪ, ಪಂಪ್ ನಡೆಸುವ ಬ್ಯಾಟರಿ) ಅಂತ ಅಗ್ಗಕ್ಕೆ ಮಾರುವ ಕೆಲವಕ್ಕೆ ಒಮ್ಮೆಲೇ ಎಳೆಯುವ ಶಕ್ತಿ ಇರುವುದಿಲ್ಲ. ಬ್ರಿಟನ್‌ನ ಕ್ಯಾರವಾನ್ ಉದ್ಯಮದ ಸಂಘ ಎನ್‌ಸಿಸಿಯ ಬ್ಯಾಟರಿ ಪಟ್ಟಿಯಲ್ಲಿ ಎ, ಬಿ, ಸಿ ಅಂತ ವರ್ಗ ಮಾಡಿದ್ದಾರೆ. ಹುಕಪ್ (ಕರೆಂಟ್ ಪ್ಲಗ್) ಇರುವ ಸೈಟ್‌ಗೇ ಹೋದರೂ ಮೂವರ್‌ನಂಥ ಭಾರಿ ಲೋಡ್ ಇರುವವರಿಗೆ ಹೇಳಿದ್ದು ಬಿ ವರ್ಗ. ನಿಮ್ಮಂಥವರಿಗೆ ಎಜಿಎಂ ಜಾತಿಯದು (ಮುಚ್ಚಳ ತೆಗೆಯಲಾಗದ, ಸೀಲ್ ಮಾಡಿದ ಲೆಡ್-ಆಸಿಡ್ ಬ್ಯಾಟರಿ) ಚೆನ್ನಾಗಿ ಹೊಂದುತ್ತದೆ, ಬೆಲೆ ಸ್ವಲ್ಪ ಜಾಸ್ತಿ.

ಲಿಥಿಯಂ ಬಗ್ಗೆ ಎಲ್ಲರೂ ಕೇಳುತ್ತಾರೆ. ಹಗುರ, ಲೋಡ್ ಬಿದ್ದರೂ ವೋಲ್ಟೇಜ್ ಕುಸಿಯುವುದಿಲ್ಲ, ಮೂವರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದರೊಳಗಿನ ರಕ್ಷಣಾ ಸರ್ಕ್ಯೂಟ್‌ಗೆ ಒಂದು ಮಿತಿ ಇದೆ. 100 ಆಂಪಿಯರ್ ಮಿತಿಯದು ಹಾಕಿ, ಕಲ್ಲು ಹತ್ತುವಾಗ ಮೂವರ್ 120 ಕೇಳಿದರೆ ಬ್ಯಾಟರಿಯೇ ಪೂರ್ತಿ ಆಫ್. ಮತ್ತೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಬಾರದು, 2017ರ ನಿಮ್ಮ ಚಾರ್ಜರ್ ಅದಕ್ಕೆ ಹೊಂದುತ್ತದೆಯಾ ಅದನ್ನೂ ನೋಡಬೇಕು. ನನ್ನನ್ನು ಕೇಳಿದರೆ, ಈ ವರ್ಷಕ್ಕೆ ಎಜಿಎಂ ಸಾಕು.

ಮುಂದಿನ ಚಳಿಗಾಲಕ್ಕೆ ಮೂವರ್‌ನ ಐಸೊಲೇಟರ್ ಆಫ್ ಮಾಡಿ. ತಿಂಗಳಿಗೊಮ್ಮೆ ಬ್ಯಾಟರಿ ತುಂಬಿಸಿ ಬಿಡಿಸಿ. ಸಮತಟ್ಟಾದ ಜಾಗ ಸಿಕ್ಕರೆ ಗಟ್ಟಿ ಚಾಕ್ ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿಯೇ ನಿಲ್ಲಿಸಿ. ನಿಮ್ಮ ಇಳಿಜಾರಿನಲ್ಲಿ ಮಾತ್ರ ಆ ಧೈರ್ಯ ಬೇಡ. ಅಲ್ಲಿ ಬ್ರೇಕ್ ಹಾಕಿಯೇ ಇರಲಿ, ತಿಂಗಳಿಗೊಮ್ಮೆ ಅರ್ಧ ಸುತ್ತು ಸರಿಸಿ ನಿಲ್ಲಿಸಿದರೆ ಆಯಿತು.

ಇನ್ನು ಬ್ಯಾಂಕ್ ಹಾಲಿಡೇ ವಿಷಯ. ಮೂವರ್ ಇಲ್ಲದೆ ನೀವು ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗಬಹುದು. ಮೂತಿ ರಸ್ತೆಗೇ ಇದೆ, ಕಾರನ್ನು ಹಿಂದಕ್ಕೆ ತಂದು ಕೊಂಡಿ ಹಾಕಿದರೆ ಆಯಿತು. ಹಿಡಿದಿರುವ ಬ್ರೇಕ್ ಇಟ್ಟುಕೊಂಡು ಮಾತ್ರ ಹೋಗುವಂತಿಲ್ಲ. ಎಂ6 ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡುವಷ್ಟರಲ್ಲಿ ಆ ಡ್ರಮ್ ಕಾದು, ಗ್ರೀಸ್ ಕರಗಿ, ಬೇರಿಂಗ್ ಹೋಗಬಹುದು. ಇದನ್ನು ನೀವೇ ಬಿಚ್ಚಲು ಹೋಗಬೇಡಿ. ಬಹಳಷ್ಟು ಕ್ಯಾರವಾನ್‌ಗಳಿಗೆ ಆಲ್-ಕೋ ಕಂಪನಿಯ ಚಾಸಿ ಇರುತ್ತದೆ. ಅದರ ಡ್ರಮ್ ಹಿಡಿದಿರುವ ನಟ್ಟು ಒಂದೇ ಸಲದ್ದು, ಬಿಚ್ಚಿದರೆ ಹೊಸದೇ ಹಾಕಬೇಕು, 290 ನ್ಯೂಟನ್-ಮೀಟರ್ ಬಿಗಿಯಬೇಕು. ಮನೆಯ ಟಾರ್ಕ್ ರೆಂಚ್‌ಗಳಲ್ಲಿ ಹೆಚ್ಚಿನವು ಅಲ್ಲಿಯವರೆಗೆ ಹೋಗುವುದೇ ಇಲ್ಲ. ಅದಕ್ಕೇ ನಾಳೆಯೇ ಮನೆಗೆ ಬಂದು ಸರ್ವಿಸ್ ಮಾಡುವ ಕ್ಯಾರವಾನ್ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿ. ಏಪ್ರಿಲ್‌ನಲ್ಲಿ ಅವರ ಡೈರಿ ಬೇಗ ತುಂಬುತ್ತದೆ. 'ಮೂವರ್ ಕೆಟ್ಟಿದೆ' ಅನ್ನಬೇಡಿ. 'ಬಲಗಡೆ ಬ್ರೇಕ್ ಮುಂದಕ್ಕೆ ಹಿಡಿಯುತ್ತಿದೆ, ಹಿಂದಕ್ಕೆ ಬಿಡುತ್ತಿದೆ' ಅನ್ನಿ. ಬ್ರೇಕ್ ಸರಿಹೋದ ಮೇಲೆ ಹಳೇ ಬ್ಯಾಟರಿಯಲ್ಲೇ ಮೂವರ್ ಓಡಿದರೂ ನನಗೆ ಆಶ್ಚರ್ಯವಿಲ್ಲ. ಆದರೂ ಲೋಡ್‌ನಲ್ಲಿ ಒಮ್ಮೆ ಅಳೆದು ನೋಡಿ.

ಹೊರಡುವ ದಿನ ಕೊಂಡಿ ಹಾಕಿ, ಹ್ಯಾಂಡ್‌ಬ್ರೇಕ್ ಇಳಿಸುವ ಮುನ್ನ ಎರಡೂ ಕಡೆ ಬಗ್ಗಿ ರೋಲರ್ ನೋಡಿ. ಟೈರ್‌ಗೂ ರೋಲರ್‌ಗೂ ನಡುವೆ ನಿಮ್ಮ ಹೆಬ್ಬೆರಳು ಸಲೀಸಾಗಿ ಹೋಗಬೇಕು. ಮೊದಲ ಸಲ ನಿಂತು ಚಹಾ ಕುಡಿಯುವಾಗ ಎರಡೂ ಗಾಲಿಯ ಹತ್ತಿರ ಹಿಂಗೈ ಒಡ್ಡಿ. ಮುಟ್ಟಬೇಡಿ, ಸುಮ್ನೆ ಹತ್ತಿರ ಹಿಡಿಯಿರಿ. ಬಲಗಡೆ ಎಡಗಡೆಗಿಂತ ಬಿಸಿ ಇದ್ದರೆ ಅಲ್ಲಿಂದ ಮುಂದಕ್ಕೆ ಹೋಗಬೇಡಿ, ನನಗೆ ಫೋನ್ ಮಾಡಿ.